ಒಂದೇ ಸಂಜೆಯಲ್ಲಿ ಆಂಟಿವೈರಸ್ ಆಯ್ಕೆ: 12 ಸೂತ್ರಗಳು

‘ಯಾವ ಆಂಟಿವೈರಸ್ ಹಾಕಿಸಲಿ?’ ಎಂದು ಹತ್ತು ಜನರನ್ನು ಕೇಳಿ ನೋಡಿ, ಹನ್ನೆರಡು ಹೆಸರು ಸಿಗುತ್ತವೆ. ರೂಮ್‌ಮೇಟ್ ಒಂದು ಹೇಳುತ್ತಾನೆ, ಆಫೀಸಿನ ಸಿಸ್ಟಮ್ ಅಡ್ಮಿನ್ ಇನ್ನೊಂದು ಹೇಳುತ್ತಾರೆ, ಯೂಟ್ಯೂಬ್ ಮತ್ತೊಂದು ಹೇಳುತ್ತದೆ. ಹೀಗೆ ಕೇಳುತ್ತಾ ಕೂತರೆ ಸೆಮಿಸ್ಟರ್ ಮುಗಿಯುತ್ತದೆ, ಲ್ಯಾಪ್‌ಟಾಪ್ ಮಾತ್ರ ಇದ್ದ ಹಾಗೇ ಇರುತ್ತದೆ. ಮೀನಮೇಷ ಎಣಿಸುವುದು ಜಾಣತನವಲ್ಲ, ಅದೊಂದು ಚಾಳಿ. ಇವತ್ತೇ ಬಿಟ್ಟುಬಿಡಿ.

ನಿಮ್ಮ ಪ್ರಾಜೆಕ್ಟ್ ರಿಪೋರ್ಟ್, ಮಾರ್ಕ್ಸ್ ಕಾರ್ಡ್ ಸ್ಕ್ಯಾನ್, ರೆಸ್ಯೂಮೆ, ನೆಟ್ ಬ್ಯಾಂಕಿಂಗ್ ಎಲ್ಲವೂ ಆ ಒಂದು ಮಷೀನ್‌ನಲ್ಲಿದೆ. ಎರಡು ಗಂಟೆ ಎತ್ತಿಡಿ. ಮನೆಯಲ್ಲಿರುವುದು ವಿಂಡೋಸ್ ಕಂಪ್ಯೂಟರ್ ಎಂದುಕೊಂಡು ಈ ಸೂತ್ರಗಳನ್ನು ಕೊಟ್ಟಿದ್ದೇನೆ. ಶುರು ಮಾಡಿ.

1. ಕೊಳ್ಳುವ ಮೊದಲು, ಈಗಾಗಲೇ ಏನಿದೆ ನೋಡಿ

ಸ್ಟಾರ್ಟ್ ಮೆನುವಿನಲ್ಲಿ ‘ವಿಂಡೋಸ್ ಸೆಕ್ಯೂರಿಟಿ’ ಎಂದು ಹುಡುಕಿ, ತೆರೆಯಿರಿ. ವಿಂಡೋಸ್ 10 ಮತ್ತು 11ರ ಜೊತೆಗೇ ಮೈಕ್ರೋಸಾಫ್ಟ್ ಡಿಫೆಂಡರ್ ಬರುತ್ತದೆ. ಅದಕ್ಕೆ ಬೇರೆ ದುಡ್ಡಿಲ್ಲ, ವರ್ಷವರ್ಷ ರಿನ್ಯೂವಲ್ ಇಲ್ಲ, ಎಕ್ಸ್‌ಪೈರಿ ಇಲ್ಲ. ಹದಿನೈದು ವರ್ಷದ ಹಿಂದಿನ ‘ವಿಂಡೋಸ್‌ನ ಆಂಟಿವೈರಸ್ ಉಪಯೋಗಕ್ಕಿಲ್ಲ’ ಎಂಬ ಮಾತನ್ನು ಇನ್ನೂ ನಂಬಿ ಕೂರಬೇಡಿ. ಈಚಿನ ವರ್ಷಗಳ ಸ್ವತಂತ್ರ ಪರೀಕ್ಷೆಗಳಲ್ಲಿ ಡಿಫೆಂಡರ್ ದುಡ್ಡು ಕೊಟ್ಟು ತರುವ ಪ್ರಾಡಕ್ಟ್‌ಗಳ ಸಾಲಿನಲ್ಲೇ ನಿಲ್ಲುತ್ತಿದೆ.

ಹೊಸ ಲ್ಯಾಪ್‌ಟಾಪ್‌ನಲ್ಲಿ ಯಾವುದೋ ಕಂಪನಿಯ ಟ್ರಯಲ್ ಆಂಟಿವೈರಸ್ ಮೊದಲೇ ಕೂತಿರಬಹುದು. ಅದು ಇರುವಷ್ಟು ದಿನ ಡಿಫೆಂಡರ್ ಪಕ್ಕಕ್ಕೆ ಸರಿದಿರುತ್ತದೆ. ಟ್ರಯಲ್ ಮುಗಿದ ಮೇಲೆ ‘ನೀವು ಅಪಾಯದಲ್ಲಿದ್ದೀರಿ’ ಎಂಬ ಪಾಪ್‌ಅಪ್ ಬರತೊಡಗುತ್ತದೆ. ಒಂದೋ ದುಡ್ಡು ಕೊಟ್ಟು ಇಟ್ಟುಕೊಳ್ಳಿ, ಇಲ್ಲವೇ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಡಿ. ಡಿಫೆಂಡರ್ ತಾನಾಗಿಯೇ ಆನ್ ಆಗುತ್ತದೆ. ಆಯಿತೋ ಇಲ್ಲವೋ ಎಂದು ವಿಂಡೋಸ್ ಸೆಕ್ಯೂರಿಟಿ ತೆರೆದು ಕಣ್ಣಾರೆ ನೋಡಿಕೊಳ್ಳಿ.

2. ವಿಂಡೋಸ್‌ಗೆ ವಯಸ್ಸಾಗಿದೆಯೇ, ಪರೀಕ್ಷಿಸಿ

ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ‘ವಿನ್‌ವರ್’ (winver) ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಯಾವ ವರ್ಷನ್ ಎಂದು ತಿಳಿಯುತ್ತದೆ. ಇದು ಹತ್ತು ಸೆಕೆಂಡಿನ ಕೆಲಸ, ಆದರೆ ಈ ಪಟ್ಟಿಯಲ್ಲಿ ಇದಕ್ಕಿಂತ ದೊಡ್ಡ ಕೆಲಸ ಇನ್ನೊಂದಿಲ್ಲ.

ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆ ಬಳಕೆದಾರರಿಗೆ ಮೈಕ್ರೋಸಾಫ್ಟ್ ಒಂದು ವರ್ಷದ ಹೆಚ್ಚುವರಿ ಸೆಕ್ಯೂರಿಟಿ ಅಪ್‌ಡೇಟ್ ಕೊಟ್ಟಿತು. ಅದರ ಗಡುವು 2026ರ ಅಕ್ಟೋಬರ್ 13. ಅದಕ್ಕೆ ನೀವೇ ವಿಂಡೋಸ್ ಅಪ್‌ಡೇಟ್ ಪುಟಕ್ಕೆ ಹೋಗಿ ಹೆಸರು ನೋಂದಾಯಿಸಬೇಕು. ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿಕೊಂಡರೆ ದುಡ್ಡು ಕೊಡದೆಯೂ ಸಿಗುತ್ತದೆ. ಇಲ್ಲೊಂದು ಮೋಸದ ನೆಮ್ಮದಿ ಇದೆ, ಎಚ್ಚರ. ವಿಂಡೋಸ್ 10ರಲ್ಲಿ ಡಿಫೆಂಡರ್‌ಗೆ ವೈರಸ್ ಪಟ್ಟಿಯ ಅಪ್‌ಡೇಟ್ 2028ರ ಅಕ್ಟೋಬರ್‌ವರೆಗೂ ಬರುತ್ತಲೇ ಇರುತ್ತದೆ. ಹಸಿರು ಟಿಕ್ ಕಾಣುತ್ತದೆ, ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಆದರೆ ಆಪರೇಟಿಂಗ್ ಸಿಸ್ಟಮ್‌ನ ತೂತುಗಳನ್ನು ಮುಚ್ಚುವುದು ಆಂಟಿವೈರಸ್‌ನ ಕೆಲಸವಲ್ಲ.

ತೂತು ಮುಚ್ಚದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ 2017 ಸಾಕು. ಆ ವರ್ಷ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಅಂಥ ಒಂದು ತೂತು ಮುಚ್ಚುವ ಪ್ಯಾಚ್ ಬಿಟ್ಟಿತು. ಮೇ 12ರಂದು ಫೈಲ್‌ಗಳನ್ನು ಲಾಕ್ ಮಾಡಿ ಹಣ ಕೇಳುವ, ವಾನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಅದೇ ತೂತಿನಲ್ಲಿ ನುಗ್ಗಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಅಪಾಯಿಂಟ್‌ಮೆಂಟ್‌ಗಳು ರದ್ದಾದವು. ಯಾರೂ ಲಿಂಕ್ ಒತ್ತಬೇಕಿರಲಿಲ್ಲ, ಅಟ್ಯಾಚ್‌ಮೆಂಟ್ ತೆರೆಯಬೇಕಿರಲಿಲ್ಲ. ಅದು ನೆಟ್‌ವರ್ಕ್‌ನಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನೇ ಹರಿಯಿತು. ಎರಡು ತಿಂಗಳ ಹಿಂದೆಯೇ ಬಂದಿದ್ದ ಅಪ್‌ಡೇಟ್ ಹಾಕಿಕೊಂಡಿದ್ದವರ ಕಂಪ್ಯೂಟರಿಗೆ ಆ ದಾರಿಯಲ್ಲಿ ನುಗ್ಗಲು ಅದಕ್ಕೆ ಆಗಲಿಲ್ಲ.

ಲ್ಯಾಪ್‌ಟಾಪ್ ವಿಂಡೋಸ್ 11ಕ್ಕೆ ಅರ್ಹವಾಗಿದ್ದರೆ ಅಪ್‌ಗ್ರೇಡ್ ಮಾಡಿ. ಟಿಪಿಎಂ 2.0 ಚಿಪ್ ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದರ ಮುಂದಿನದು. ಅರ್ಹವಲ್ಲ ಎಂದು ಬಂದರೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿ. ಬ್ರೌಸಿಂಗ್, ನೋಟ್ಸ್, ಕೋಡಿಂಗ್ ಕಲಿಕೆಗೆ ಧಾರಾಳ ಸಾಕು.

3. ನಿಮ್ಮ ಅಗತ್ಯವನ್ನು ಒಂದೇ ಸಾಲಿನಲ್ಲಿ ಬರೆಯಿರಿ

‘ಬೆಸ್ಟ್’ ಯಾವುದು ಎಂದು ಕೇಳಬೇಡಿ. ‘ನನಗೆ ಯಾವುದು’ ಎಂದು ಕೇಳಿ. ಪಿಜಿಯಲ್ಲಿ ಒಬ್ಬರೇ ಬಳಸುವ ಲ್ಯಾಪ್‌ಟಾಪ್‌ಗೆ ಡಿಫೆಂಡರ್ ಸಾಕು. ಅಪ್ಪ, ಅಮ್ಮ, ಏಳನೇ ಕ್ಲಾಸಿನ ತಮ್ಮ ಎಲ್ಲರೂ ಕೂರುವ ಕಂಪ್ಯೂಟರ್ ಆದರೆ ಪೇರೆಂಟಲ್ ಕಂಟ್ರೋಲ್ ಬೇಕು. ಮನೆಯಲ್ಲೇ ಟ್ಯಾಲಿ, ಜಿಎಸ್‌ಟಿ ಕೆಲಸ ಮಾಡುವವರ ಹತ್ತಿರ ಬೇರೆಯವರ ಲೆಕ್ಕಪತ್ರ ಇರುತ್ತದೆ. ಅವರಿಗೆ ಬ್ಯಾಕಪ್ ಮತ್ತು ರ‍್ಯಾನ್ಸಮ್‌ವೇರ್ ರಕ್ಷಣೆ ಮೊದಲ ಸಾಲಿನಲ್ಲಿರಬೇಕು. ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಆದರೆ? ಏನನ್ನೂ ಹಾಕಬೇಡಿ, ಏನನ್ನೂ ತೆಗೆಯಬೇಡಿ. ಅದು ಐಟಿ ವಿಭಾಗದ ಕೆಲಸ.

4. ರಿವ್ಯೂ ಬಿಡಿ, ಟೆಸ್ಟ್ ರಿಪೋರ್ಟ್ ಓದಿ

‘ಟಾಪ್ 10 ಆಂಟಿವೈರಸ್’ ಎಂದು ಸರ್ಚ್ ಮಾಡಿದರೆ ಬರುವ ಪುಟಗಳಲ್ಲಿ ಬಹಳಷ್ಟಕ್ಕೆ ನೀವು ಕೊಂಡರೆ ಕಮಿಷನ್ ಸಿಗುತ್ತದೆ. ಆ ಲೇಖನಗಳು ಉಚಿತ ಡಿಫೆಂಡರ್ ಅನ್ನು ಹೊಗಳುವುದು ಅಪರೂಪ. ಯಾಕೆಂದು ಬಿಡಿಸಿ ಹೇಳಬೇಕಿಲ್ಲ.

ಆಂಟಿವೈರಸ್‌ಗಳನ್ನು ಪರೀಕ್ಷಿಸುವ ಎರಡು ಸಂಸ್ಥೆಗಳ ಹೆಸರು ನೆನಪಿಡಿ: ಜರ್ಮನಿಯ ಮ್ಯಾಗ್ಡೆಬರ್ಗ್‌ನ ಎವಿ-ಟೆಸ್ಟ್, ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ಎವಿ-ಕಂಪ್ಯಾರಟಿವ್ಸ್. ಎರಡೂ ತಮ್ಮ ಫಲಿತಾಂಶವನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿವೆ. ಎವಿ-ಟೆಸ್ಟ್ ಮೂರು ವಿಷಯಕ್ಕೆ ತಲಾ 6 ಅಂಕದಂತೆ 18 ಅಂಕ ಕೊಡುತ್ತದೆ. ಪ್ರೊಟೆಕ್ಷನ್ ಎಂದರೆ ವೈರಸ್ ಎಷ್ಟು ಹಿಡಿಯಿತು. ಪರ್ಫಾರ್ಮೆನ್ಸ್ ಎಂದರೆ ಕಂಪ್ಯೂಟರನ್ನು ಎಷ್ಟು ನಿಧಾನ ಮಾಡಿತು. ಯೂಸಬಿಲಿಟಿ ಎಂದರೆ ಒಳ್ಳೆಯ ಫೈಲನ್ನು ಎಷ್ಟು ಸಲ ಕೆಟ್ಟದ್ದೆಂದು ಕೂಗಿಕೊಂಡಿತು.

ಮೂರನೆಯದನ್ನು ಯಾರೂ ನೋಡುವುದಿಲ್ಲ, ನೀವು ನೋಡಿ. ಸುಮ್ಮಸುಮ್ಮನೆ ಕೂಗುವ ಆಂಟಿವೈರಸ್ ಜನರಿಗೆ ಒಂದು ಅಭ್ಯಾಸ ಕಲಿಸುತ್ತದೆ: ಓದದೆ ‘ಅಲೋ’ ಒತ್ತುವುದು. ನಿಜವಾದ ವೈರಸ್ ಬಂದ ದಿನವೂ ಕೈ ಅಲ್ಲಿಗೇ ಹೋಗುತ್ತದೆ. ಹಳೆಯ ಲ್ಯಾಪ್‌ಟಾಪ್ ಇರುವವರು ಎರಡನೆಯ ಅಂಕಕ್ಕೆ ಹೆಚ್ಚು ತೂಕ ಕೊಡಿ. 4 ಜಿಬಿ ರ‍್ಯಾಮ್‌ನ ಮಷೀನ್‌ಗೆ ಭಾರದ ಸೂಟ್ ಹಾಕಿದರೆ, ಒಂದು ವಾರದಲ್ಲಿ ನೀವೇ ಅದನ್ನು ಆಫ್ ಮಾಡುತ್ತೀರಿ.

ಒಂದೇ ಸುತ್ತಿನ ಫಲಿತಾಂಶ ನೋಡಿ ಕುಣಿಯಬೇಡಿ. ಕೊನೆಯ ಮೂರ್ನಾಲ್ಕು ಸುತ್ತುಗಳಲ್ಲಿ ಸತತವಾಗಿ ಮೇಲಿರುವ ಹೆಸರುಗಳನ್ನು ಗುರುತು ಹಾಕಿ. ಶೇ 99.8 ಮತ್ತು ಶೇ 100ರ ನಡುವಿನ ವ್ಯತ್ಯಾಸಕ್ಕೆ ನಿದ್ದೆಗೆಡಬೇಡಿ.

5. ಒಂದೇ ಒಂದು ಹಾಕಿ

ಎರಡು ಆಂಟಿವೈರಸ್ ಹಾಕಿದರೆ ರಕ್ಷಣೆ ಡಬಲ್ ಆಗುವುದಿಲ್ಲ. ಪ್ರತಿ ಫೈಲನ್ನು ಎರಡೂ ಒಟ್ಟಿಗೆ ತಡೆದು ನೋಡಲು ಹೊರಟರೆ ಸಿಸ್ಟಮ್ ಹ್ಯಾಂಗ್ ಆಗುತ್ತದೆ, ಒಂದು ಇನ್ನೊಂದನ್ನೇ ವೈರಸ್ ಎಂದು ಹಿಡಿಯುವುದೂ ಉಂಟು. ಎರಡನೆಯ ಅಭಿಪ್ರಾಯ ಬೇಕಿದ್ದರೆ, ಕರೆದಾಗ ಮಾತ್ರ ಬಂದು ನೋಡಿ ಹೋಗುವ ಸ್ಕ್ಯಾನರ್ ಬಳಸಿ. ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿ, ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಈ ಜಾತಿಯವು. ಸೇಫ್ಟಿ ಸ್ಕ್ಯಾನರ್‌ನ ಆಯಸ್ಸು ಡೌನ್‌ಲೋಡ್ ಆದ 10 ದಿನ ಮಾತ್ರ. ಪ್ರತಿ ಸಲ ಹೊಸದಾಗಿ ಇಳಿಸಿಕೊಳ್ಳಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2017ರಲ್ಲಿ ಶುರು ಮಾಡಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲೂ ಇಂಥ ಉಚಿತ ಕ್ಲೀನಿಂಗ್ ಟೂಲ್‌ಗಳಿವೆ.

6. ಕಂಪನಿಯ ಜಾತಕ ನೋಡಿ

ಆಂಟಿವೈರಸ್ ನಿಮ್ಮ ಪ್ರತಿ ಫೈಲನ್ನೂ ತೆರೆದು ನೋಡುತ್ತದೆ, ನೀವು ಹೋಗುವ ಪ್ರತಿ ವೆಬ್‌ಸೈಟನ್ನೂ ಗಮನಿಸುತ್ತದೆ. ಇಷ್ಟು ಅಧಿಕಾರ ಇನ್ಯಾವ ಸಾಫ್ಟ್‌ವೇರ್‌ಗೂ ನೀವು ಕೊಡುವುದಿಲ್ಲ. ಆದ್ದರಿಂದ ಕೊಡುವ ಮುಂಚೆ ಹಿಂದಿನ ನಡತೆ ನೋಡಿ.

ಅವಾಸ್ಟ್ ಬಹಳ ಜನಪ್ರಿಯವಾದ ಉಚಿತ ಆಂಟಿವೈರಸ್. ಬಳಕೆದಾರರ ಬ್ರೌಸಿಂಗ್ ಮಾಹಿತಿಯನ್ನು ಜಂಪ್‌ಶಾಟ್ ಎಂಬ ತನ್ನದೇ ಅಂಗಸಂಸ್ಥೆಯ ಮೂಲಕ ಮಾರಿದ ಪ್ರಕರಣದಲ್ಲಿ, 2024ರ ಫೆಬ್ರುವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅದರ ಮೇಲೆ 1.65 ಕೋಟಿ ಡಾಲರ್ ಹೊರಿಸಿತು. ಜಂಪ್‌ಶಾಟ್ 2020ರಲ್ಲೇ ಬಾಗಿಲು ಹಾಕಿತ್ತು. ನಾರ್ಟನ್ 2021ರಲ್ಲಿ ತನ್ನ ಸೂಟ್‌ನೊಳಗೆ ಕ್ರಿಪ್ಟೋ ಮೈನಿಂಗ್ ಸೌಲಭ್ಯ ಸೇರಿಸಿತು. ಬಳಕೆದಾರ ಒಪ್ಪಿ ಆನ್ ಮಾಡಿದರೆ ಗಳಿಕೆಯಲ್ಲಿ ಶೇ 15 ಕಂಪನಿಗೆ. ಕರೆಂಟ್ ಬಿಲ್ ನಿಮ್ಮದು! ಕಾನೂನುಬಾಹಿರವೇನಲ್ಲ, ಆದರೆ ಕಾವಲಿಗೆ ಬಂದವರು ಮಾಡುವ ಕೆಲಸವೇ ಇದು?

ಇನ್ನೊಂದು ಸಂಗತಿ. ನಾರ್ಟನ್, ಅವಾಸ್ಟ್, ಎವಿಜಿ, ಅವೀರಾ ನಾಲ್ಕೂ ಈಗ ಜೆನ್ ಡಿಜಿಟಲ್ ಎಂಬ ಒಂದೇ ಕಂಪನಿಯ ಕೈಯಲ್ಲಿವೆ. ಅವುಗಳಲ್ಲಿ ಯಾವುದು ಎಂದು ವಾರಗಟ್ಟಲೆ ಹೋಲಿಸುತ್ತಾ ಕೂತವರು ಒಂದೇ ಅಂಗಡಿಯ ನಾಲ್ಕು ಕಪಾಟು ನೋಡುತ್ತಿರುತ್ತಾರೆ. ರಷ್ಯಾದ ಕ್ಯಾಸ್ಪರ್‌ಸ್ಕೈ ಟೆಸ್ಟ್‌ಗಳಲ್ಲಿ ಒಳ್ಳೆಯ ಅಂಕ ತೆಗೆಯುತ್ತಿದ್ದರೂ, 2024ರ ಜೂನ್‌ನಲ್ಲಿ ಅಮೆರಿಕ ಅದರ ಮಾರಾಟ ನಿಷೇಧಿಸಿತು. ಸೆಪ್ಟೆಂಬರ್ 29ರ ನಂತರ ಅಲ್ಲಿ ಅಪ್‌ಡೇಟ್ ಕೊಡುವುದಕ್ಕೂ ತಡೆ ಬಿತ್ತು. ಅಮೆರಿಕದಲ್ಲಿ ಓದುವ, ದುಡಿಯುವ ಕನ್ನಡಿಗರು ಊರಿನಿಂದ ಇದರ ಕೀ ಕೊಂಡುಹೋಗುವ ಯೋಚನೆ ಬಿಡಿ.

ನಮ್ಮ ದೇಶದ್ದೇ ಬೇಕೆಂದರೆ ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7, ಮುಂಬೈನ ಇಸ್ಕ್ಯಾನ್ ಇವೆ. ಫೋನ್ ಮಾಡಿ ಮಾತಾಡುವ ಸಪೋರ್ಟ್ ಬೇಕೆನ್ನುವ ಮನೆಯ ಹಿರಿಯರಿಗೆ ಇದು ಉಪಯೋಗ. ಆದರೆ ಸ್ವದೇಶಿ ಎಂಬ ಕಾರಣಕ್ಕೆ ಅಂಕಪಟ್ಟಿಯಲ್ಲಿ ವಿನಾಯಿತಿ ಕೊಡಬೇಡಿ.

7. ದುಡ್ಡು ಕೊಟ್ಟರೆ ಕಾರಣಕ್ಕೆ ಕೊಡಿ, ಭಯಕ್ಕೆ ಕೊಡಬೇಡಿ

‘ಟೋಟಲ್’, ‘ಅಲ್ಟಿಮೇಟ್’, ‘ಪ್ರೀಮಿಯಂ’ ಎಂಬ ಹೆಸರುಗಳ ಒಳಗಿರುವುದು ಬಹುತೇಕ ಅದೇ ಎಂಜಿನ್. ಮೇಲೆ ವಿಪಿಎನ್, ಪಾಸ್‌ವರ್ಡ್ ಮ್ಯಾನೇಜರ್, ಪಿಸಿ ಕ್ಲೀನರ್ ಸೇರಿಸಿರುತ್ತಾರೆ. ಮೂರನೇ ಸೂತ್ರದಲ್ಲಿ ಬರೆದ ಸಾಲು ತೆಗೆದು ನೋಡಿ. ಅದರಲ್ಲಿಲ್ಲದ್ದಕ್ಕೆ ದುಡ್ಡು ಬೇಡ. ಪಾಸ್‌ವರ್ಡ್ ಮ್ಯಾನೇಜರ್ ಬಿಟ್‌ವಾರ್ಡನ್‌ನಲ್ಲಿ ಉಚಿತ. ಮಕ್ಕಳ ಸ್ಕ್ರೀನ್ ಟೈಮ್ ಹಿಡಿತಕ್ಕೆ ಮೈಕ್ರೋಸಾಫ್ಟ್ ಫ್ಯಾಮಿಲಿ ಸೇಫ್ಟಿ ಇದೆ. ಪಿಸಿ ಕ್ಲೀನರ್ ಯಾರಿಗೂ ಬೇಕಿಲ್ಲ.

ಐದಾರು ಡಿವೈಸ್ ಇರುವ ಮನೆಯಲ್ಲಿ ಎಲ್ಲವನ್ನೂ ಒಂದೇ ಕಡೆಯಿಂದ ನೋಡಿಕೊಳ್ಳಬೇಕು ಎಂದರೆ ಕೊಳ್ಳಿ, ಅದು ಕಾರಣ. ಕೊಳ್ಳುವಾಗ ಮೊದಲ ವರ್ಷದ ಡಿಸ್ಕೌಂಟ್ ಬೆಲೆಯನ್ನು ನೋಡಬೇಡಿ, ಎರಡನೇ ವರ್ಷದ ರಿನ್ಯೂವಲ್ ಬೆಲೆಯನ್ನು ಹುಡುಕಿ. ಪೇಮೆಂಟ್ ಆದ ದಿನವೇ ಅಕೌಂಟ್‌ಗೆ ಹೋಗಿ ಆಟೋ ರಿನ್ಯೂವಲ್ ಆಫ್ ಮಾಡಿ. ಕಾರ್ಡ್‌ನಿಂದ ತಾನಾಗಿ ಹಣ ಕಡಿತ ಆಗುವುದಾದರೆ ಕನಿಷ್ಠ 24 ಗಂಟೆ ಮುಂಚೆ ತಿಳಿಸಬೇಕು ಎಂಬುದು ರಿಸರ್ವ್ ಬ್ಯಾಂಕ್ ನಿಯಮ. ಬ್ಯಾಂಕಿನ ಎಸ್‌ಎಂಎಸ್ ಓದಿ ಡಿಲೀಟ್ ಮಾಡಿ, ಓದದೆ ಮಾಡಬೇಡಿ.

ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಕೊಳ್ಳುವುದಾದರೆ ಸೀಲ್ ಇರುವ ಬಾಕ್ಸ್ ಮತ್ತು ಜಿಎಸ್‌ಟಿ ಬಿಲ್ ಎರಡನ್ನೂ ಕೇಳಿ. ಟೆಲಿಗ್ರಾಂ ಗ್ರೂಪ್‌ನಲ್ಲಿ ನೂರು ರೂಪಾಯಿಗೆ ಸಿಗುವ ‘ಲೈಫ್‌ಟೈಮ್ ಕೀ’ ಯಾವತ್ತು ಬ್ಲಾಕ್ ಆಗುತ್ತದೋ ಹೇಳಲಾಗದು.

8. ಕ್ರ್ಯಾಕ್ ಮುಟ್ಟಬೇಡಿ

‘ಇನ್‌ಸ್ಟಾಲ್ ಮಾಡುವ ಮುಂಚೆ ಆಂಟಿವೈರಸ್ ಆಫ್ ಮಾಡಿ’ ಎಂಬ ಸೂಚನೆ ಕಂಡರೆ ಅಲ್ಲೇ ನಿಲ್ಲಿ. ಕಳ್ಳ ಕಾವಲುಗಾರನನ್ನು ಹೊರಗೆ ಕಳಿಸಿ ಎಂದು ಕೇಳಿದ ಹಾಗಿದು. ಕ್ರ್ಯಾಕ್, ಕೀಜೆನ್, ಆಕ್ಟಿವೇಟರ್‌ಗಳ ಜೊತೆ ಬರುವ ಸ್ಟೀಲರ್ ಎಂಬ ಮಾಲ್‌ವೇರ್ ಬ್ರೌಸರ್‌ನಲ್ಲಿ ಸೇವ್ ಮಾಡಿದ ಪಾಸ್‌ವರ್ಡ್‌ಗಳನ್ನು ಕದ್ದು ಸಾಗಿಸುತ್ತದೆ; ನಿಮಗೆ ಗೊತ್ತೂ ಆಗುವುದಿಲ್ಲ. ಆಫೀಸ್ ಬೇಕೇ? ಅನೇಕ ಕಾಲೇಜುಗಳ ಇಮೇಲ್ ಐಡಿಗೆ ಮೈಕ್ರೋಸಾಫ್ಟ್ ಆಫೀಸ್ ಉಚಿತವಾಗಿ ಸಿಗುತ್ತದೆ, ಕಾಲೇಜಿನಲ್ಲಿ ವಿಚಾರಿಸಿ. ಸಿಗದಿದ್ದರೆ ಲಿಬ್ರೆಆಫೀಸ್ ಇದೆ.

9. ಸೆಟ್ಟಿಂಗ್ಸ್‌ನಲ್ಲಿ ಅರ್ಧ ಗಂಟೆ ಕಳೆಯಿರಿ

ಸಾಫ್ಟ್‌ವೇರ್ ಆರಿಸಿದ ತಕ್ಷಣ ಕೆಲಸ ಮುಗಿಯಲಿಲ್ಲ. ಡಿಫೆಂಡರ್ ಇಟ್ಟುಕೊಂಡಿರೆಂದು ತಿಳಿಯೋಣ. ‘ಟ್ಯಾಂಪರ್ ಪ್ರೊಟೆಕ್ಷನ್’ ಆನ್ ಇದೆಯೇ ನೋಡಿ. ಬೇರೆ ಪ್ರೋಗ್ರಾಂಗಳು ಡಿಫೆಂಡರ್ ಅನ್ನು ಆಫ್ ಮಾಡದಂತೆ ಇದು ತಡೆಯುತ್ತದೆ. ‘ಆ್ಯಪ್ ಅಂಡ್ ಬ್ರೌಸರ್ ಕಂಟ್ರೋಲ್’ ಒಳಗೆ ಬೇಡದ ಆ್ಯಪ್‌ಗಳನ್ನು ತಡೆಯುವ ಸ್ವಿಚ್ ಇದೆ, ಅದನ್ನೂ ಆನ್ ಮಾಡಿ. ಟೂಲ್‌ಬಾರ್, ಜಾಹೀರಾತು ಸುರಿಸುವ ಪ್ರೋಗ್ರಾಂಗಳು ಅಲ್ಲಿಗೇ ನಿಲ್ಲುತ್ತವೆ.

‘ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್’ ಅಡಿಯಲ್ಲಿ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಎಂದಿದೆ. ಇದು ಆಫ್ ಆಗಿಯೇ ಬರುತ್ತದೆ. ಆನ್ ಮಾಡಿದರೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳಲ್ಲಿ ಅಪರಿಚಿತ ಪ್ರೋಗ್ರಾಂ ಏನನ್ನೂ ಬದಲಿಸಲಾರದು. ಮೊದಲ ಕೆಲವು ದಿನ ಕಿರಿಕಿರಿ ಖಂಡಿತ: ನಿಮ್ಮ ಗೇಮ್, ಹಳೆಯ ಅಕೌಂಟಿಂಗ್ ಸಾಫ್ಟ್‌ವೇರ್ ಫೈಲ್ ಸೇವ್ ಮಾಡಲು ಒದ್ದಾಡಬಹುದು. ಒಂದೊಂದಾಗಿ ಅನುಮತಿ ಪಟ್ಟಿಗೆ ಸೇರಿಸಿ. ಕಿರಿಕಿರಿ ಎಂದು ಇಡೀ ಸ್ವಿಚ್ಚನ್ನೇ ಆಫ್ ಮಾಡುವವರು ಕೊನೆಗೆ ಫೈಲ್‌ಗಾಗಿ ಅಳುತ್ತಾರೆ.

ದಿನನಿತ್ಯದ ಬಳಕೆಗೆ ಅಡ್ಮಿನ್ ಅಕೌಂಟ್ ಬೇಡ. ಸ್ಟ್ಯಾಂಡರ್ಡ್ ಅಕೌಂಟ್ ಒಂದನ್ನು ಮಾಡಿ ಅದರಲ್ಲೇ ಕೂರಿ. ಏನಾದರೂ ಇನ್‌ಸ್ಟಾಲ್ ಆಗಲು ಹೊರಟರೆ ಪಾಸ್‌ವರ್ಡ್ ಕೇಳುತ್ತದೆ, ನೀವು ಎಚ್ಚರಗೊಳ್ಳುತ್ತೀರಿ.

10. ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷೆ ಮಾಡಿ

ನಂಬಿಕೆ ಸಾಲದು, ಟೆಸ್ಟ್ ಬೇಕು. ಐಕಾರ್ ಎಂಬ ಯುರೋಪಿನ ಸಂಸ್ಥೆ ಇದಕ್ಕೆಂದೇ ಒಂದು ಪುಟ್ಟ ಫೈಲ್ ಇಟ್ಟಿದೆ. ಅದರಲ್ಲಿರುವುದು ಬರೀ 68 ಅಕ್ಷರ. ಅದು ವೈರಸ್ ಅಲ್ಲ, ಏನೂ ಹಾನಿ ಮಾಡದು. ಆದರೆ ಎಲ್ಲ ಆಂಟಿವೈರಸ್‌ಗಳೂ ಅದನ್ನು ವೈರಸ್ ಎಂದೇ ಹಿಡಿಯುವಂತೆ ಒಪ್ಪಂದವಿದೆ. ಐಕಾರ್ ತಾಣದಿಂದಲೇ ಡೌನ್‌ಲೋಡ್ ಮಾಡಿ. ತಕ್ಷಣ ತಡೆದರೆ ಪಾಸ್. ಸುಮ್ಮನಿದ್ದರೆ ಸೆಟ್ಟಿಂಗ್ಸ್‌ಗೆ ವಾಪಸ್ ಹೋಗಿ.

ಅನುಮಾನದ ಫೈಲ್ ಬಂದರೆ ಗೂಗಲ್ ಒಡೆತನದ ವೈರಸ್‌ಟೋಟಲ್‌ಗೆ ಹಾಕಿ. ಹತ್ತಾರು ಎಂಜಿನ್‌ಗಳು ಒಟ್ಟಿಗೆ ಪರೀಕ್ಷಿಸುತ್ತವೆ. ಆದರೆ ಆಧಾರ್, ಸ್ಯಾಲರಿ ಸ್ಲಿಪ್, ಆಫೀಸಿನ ಕಾಂಟ್ರ್ಯಾಕ್ಟ್ ಅಲ್ಲಿ ಹಾಕಬೇಡಿ. ಅಪ್‌ಲೋಡ್ ಆದ ಫೈಲ್ ಬೇರೆ ಸೆಕ್ಯೂರಿಟಿ ಸಂಸ್ಥೆಗಳಿಗೂ ಸಿಗುತ್ತದೆ.

11. ಕೂಗುವ ಪಾಪ್‌ಅಪ್‌ಗೆ ಬಗ್ಗಬೇಡಿ

ಸ್ಕ್ರೀನ್ ತುಂಬ ಕೆಂಪು, ಜೋರು ಸದ್ದು, ‘ನಿಮ್ಮ ಕಂಪ್ಯೂಟರ್‌ನಲ್ಲಿ ವೈರಸ್ ಇದೆ, ಈ ನಂಬರ್‌ಗೆ ಕರೆ ಮಾಡಿ’. ಇದು ಆಂಟಿವೈರಸ್ ಅಲ್ಲ, ಒಂದು ವೆಬ್ ಪುಟ. ಮೈಕ್ರೋಸಾಫ್ಟ್ ತನ್ನ ಎರರ್ ಮೆಸೇಜ್‌ನಲ್ಲಿ ಫೋನ್ ನಂಬರ್ ಹಾಕುವುದೇ ಇಲ್ಲ. ಆಲ್ಟ್ ಮತ್ತು ಎಫ್4 ಒತ್ತಿ ಮುಚ್ಚಿ. ಮುಚ್ಚದಿದ್ದರೆ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರ್ ನಿಲ್ಲಿಸಿ. ಮೂಲೆಯಲ್ಲಿ ‘ನಿಮ್ಮ ಸಬ್‌ಸ್ಕ್ರಿಪ್ಷನ್ ಮುಗಿದಿದೆ’ ಎಂದು ಪದೇ ಪದೇ ಬರುತ್ತಿದ್ದರೆ, ಯಾವುದೋ ಸೈಟ್‌ಗೆ ನೀವು ನೋಟಿಫಿಕೇಶನ್ ಅನುಮತಿ ಕೊಟ್ಟಿದ್ದೀರಿ. ಬ್ರೌಸರ್ ಸೆಟ್ಟಿಂಗ್ಸ್‌ಗೆ ಹೋಗಿ ಕಿತ್ತುಹಾಕಿ.

ಫೋನ್‌ನಲ್ಲಿ ಯಾರೋ ಹೇಳಿದರೆಂದು ಎನಿಡೆಸ್ಕ್‌ನಂಥ ಸ್ಕ್ರೀನ್ ಶೇರಿಂಗ್ ಆ್ಯಪ್ ಹಾಕಬೇಡಿ. ಆಂಟಿವೈರಸ್ ಅದನ್ನು ತಡೆಯುವುದಿಲ್ಲ, ಯಾಕೆಂದರೆ ಅದು ಅಸಲಿ ಸಾಫ್ಟ್‌ವೇರ್, ಒಳಗೆ ಬಿಟ್ಟವರು ನೀವೇ. ‘ಡಿಜಿಟಲ್ ಅರೆಸ್ಟ್’ ಎಂದು ವಿಡಿಯೋ ಕಾಲ್‌ನಲ್ಲಿ ಬೆದರಿಸುವವರ ಮುಂದೆಯೂ ಅಷ್ಟೇ, ಯಾವ ಸಾಫ್ಟ್‌ವೇರೂ ಕೆಲಸಕ್ಕೆ ಬಾರದು. ಭಾರತದ ಕಾನೂನಿನಲ್ಲಿ ಅಂಥ ಅರೆಸ್ಟ್ ಇಲ್ಲವೇ ಇಲ್ಲ. ಕಾಲ್ ಕಟ್ ಮಾಡಿ. ಮನೆಯ ಹಿರಿಯರಿಗೆ ಇದನ್ನು ಇವತ್ತೇ ಹೇಳಿ.

12. ಕೆಟ್ಟ ದಿನಕ್ಕೂ ತಯಾರಿರಿ

ಮುಖ್ಯ ಫೈಲ್‌ಗಳ ಮೂರು ಪ್ರತಿ ಇರಲಿ: ಲ್ಯಾಪ್‌ಟಾಪ್‌ನಲ್ಲಿ ಒಂದು, ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಲ್ಲಿ ಒಂದು, ಕ್ಲೌಡ್‌ನಲ್ಲಿ ಒಂದು. ಗೂಗಲ್ ಅಕೌಂಟ್‌ನಲ್ಲಿ 15 ಜಿಬಿವರೆಗೆ ಉಚಿತ. ಪ್ರಾಜೆಕ್ಟ್ ಮತ್ತು ಸರ್ಟಿಫಿಕೇಟ್‌ಗಳಿಗೆ ಸಾಕು. ಬ್ಯಾಕಪ್ ಮುಗಿದ ಕೂಡಲೇ ಹಾರ್ಡ್ ಡಿಸ್ಕ್ ಕಿತ್ತಿಡಿ. ಸಿಕ್ಕಿಸಿಯೇ ಇಟ್ಟರೆ ರ‍್ಯಾನ್ಸಮ್‌ವೇರ್ ಅದನ್ನೂ ಲಾಕ್ ಮಾಡುತ್ತದೆ.

ವೈರಸ್ ಹೊಕ್ಕಿತು ಎಂದು ಗೊತ್ತಾದರೆ ಮೊದಲು ವೈಫೈ ಆಫ್ ಮಾಡಿ. ಪಾಸ್‌ವರ್ಡ್‌ಗಳನ್ನು ಬೇರೆ ಡಿವೈಸ್‌ನಿಂದ ಬದಲಿಸಿ, ಅದೇ ಕಂಪ್ಯೂಟರ್‌ನಿಂದ ಅಲ್ಲ. ಇಮೇಲ್ ಪಾಸ್‌ವರ್ಡ್ ಎಲ್ಲಕ್ಕಿಂತ ಮೊದಲು, ಯಾಕೆಂದರೆ ಉಳಿದ ಅಕೌಂಟ್‌ಗಳ ರೀಸೆಟ್ ಲಿಂಕ್ ಬರುವುದು ಅಲ್ಲಿಗೇ.

ಹಣ ಹೋಗಿದ್ದರೆ ಯಾರನ್ನು ಕೇಳಲಿ, ಹೇಗೆ ಹೇಳಲಿ ಎಂದು ಸಂಕೋಚಪಡುತ್ತಾ ಒಂದು ನಿಮಿಷವನ್ನೂ ಕಳೆಯಬೇಡಿ. 1930ಕ್ಕೆ ಕರೆ ಮಾಡಿ, ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ದೂರು ದಾಖಲಿಸಿ, ನಿಮ್ಮ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೆ ಹೋಗಿ. ಬೇಗ ತಿಳಿಸಿದರೆ ಹಣ ಮುಂದಿನ ಖಾತೆಗೆ ಜಾರುವ ಮೊದಲೇ ತಡೆಹಿಡಿಯುವ ಅವಕಾಶ ಇರುತ್ತದೆ. ಈ ನಂಬರನ್ನು ಈಗಲೇ ನಿಮ್ಮ ಮೊಬೈಲ್‌ನಲ್ಲಿ ಸೇವ್ ಮಾಡಿಕೊಳ್ಳಿ, ಅಪ್ಪ ಅಮ್ಮನ ಮೊಬೈಲ್‌ನಲ್ಲೂ ಸೇವ್ ಮಾಡಿಕೊಡಿ: 1930.